ಗೇಟಿನ ಕಂಬದ ಮೇಲಿನ ಇಪ್ಪತ್ತಮೂರನೆಯ ಒಂದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಪರಿವೀಕ್ಷಕರ ದನಿಯಲ್ಲಿ ಪೇಂಟರ್‌ಗೆ ಫೋನ್ ಮಾಡಿದವನು ನಾನೇ. ಹುಣಸೂರು ಬಸ್ ನಿಲ್ದಾಣದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಬಸ್ಸು ಬರಲಿಲ್ಲ, ಬಾಯಿ ಸುಮ್ಮನಿರಲಿಲ್ಲ. ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಹೊಗೆಸೊಪ್ಪಿನದು, ನನಗೆ ಬೇರೆಯವರ ಗಂಟಲಿನದು. ನನ್ನ ಗಂಟಲಲ್ಲಿ ಹುಣಸೂರಿನ ಕಂಡಕ್ಟರು, ನಮ್ಮ ಹೆಡ್ ಮೇಡಂ, ಪಿರಿಯಾಪಟ್ಟಣದ ಗೊಬ್ಬರದಂಗಡಿಯವನು ಎಲ್ಲರೂ ಬಾಡಿಗೆಗೆ ಇದ್ದಾರೆ. ಮನೆ ಮಾಲೀಕ ಎಲ್ಲಿ ಮಲಗುತ್ತಾನೋ ನನಗೇ ಗೊತ್ತಿಲ್ಲ.

ಆ ಒಂದು ಫೋನಿನಿಂದ ಬಹಳ ದೊಡ್ಡ ಸಂಖ್ಯೆಯೊಂದು ಕೆಟ್ಟಿತು. ಜೊತೆಗೆ ನನ್ನ ಕೆಲಸವೂ ಹೋಗುವುದರಲ್ಲಿತ್ತು.

ನಾನು ಕಂಪಲಾಪುರದ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕ. ಅತಿಥಿ ಅಂದರೆ ಯಾರೂ ಕರೆದು ಕೂರಿಸಿ ಕಾಫಿ ಕೊಡುವುದಿಲ್ಲ. ಪ್ರತಿ ಜೂನ್‌ನಲ್ಲಿ ಹೆಡ್ ಮೇಡಂ ನನ್ನ ಹೆಸರು ಬರೆದರೆ ಆ ವರ್ಷ ನಾನು ಮೇಷ್ಟ್ರು, ಬರೆಯದಿದ್ದರೆ ಹುಣಸೂರಿನಲ್ಲಿ ನಮ್ಮಮ್ಮನ ಬಾಯಿಗೆ ಬೀಳುವ ನಿರುದ್ಯೋಗಿ. ಕಾಯಂ ಗಣಿತ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಎಷ್ಟೋ ವರ್ಷವಾಗಿದೆ. ಮೇಡಂ ಬರೆದ ಅರ್ಜಿಗಳೆಲ್ಲ ವಿಷಯ ಪರಿವೀಕ್ಷಕರ ಮೇಜಿನ ಮೇಲೆ ಕೂತಿವೆ. ಮಕ್ಕಳು ನನ್ನನ್ನು ಹಿಂದಿನಿಂದ ‘ಸ್ಕೇಲು’ ಅನ್ನುತ್ತಾರೆ. ಉದ್ದಕ್ಕಿದ್ದೇನೆ, ಅಗಲ ಇಲ್ಲ, ಕೊನೆಯಲ್ಲಿ ಸ್ವಲ್ಪ ಬಾಗಿದ್ದೇನೆ. ಸರಿಯಾಗಿಯೇ ಇಟ್ಟಿದ್ದಾರೆ.

ಆ ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕಿನ ಶಾಲೆಗಳಲ್ಲಿ ಕಾಂಪೌಂಡ್ ಗೋಡೆಗೆ ಗಣಿತ ಬರೆಸುವ ಹುಮ್ಮಸ್ಸು ಬಂದಿತ್ತು. ಒಬ್ಬರು ಮಗ್ಗಿ ಬರೆಸಿದರು, ಇನ್ನೊಬ್ಬರು ತ್ರಿಕೋನ. ನಮ್ಮ ಹೆಡ್ ಮೇಡಂ ಬೀಚನಹಳ್ಳಿಯವರು. ಕಬಿನಿ ಡ್ಯಾಮಿನ ಪಕ್ಕ ಬೆಳೆದದ್ದಕ್ಕೋ ಏನೋ, ಅವರು ಮಾತು ಶುರುಮಾಡಿದರೆ ನಾಲ್ಕೂ ಗೇಟು ಒಟ್ಟಿಗೆ ಎತ್ತಿದ ಹಾಗೆ.

“ಬೇರೆ ಸ್ಕೂಲಲ್ಲಿ ಇಲ್ದೇ ಇರೋದು ಬರೆಸಪ್ಪಾ. ಮಗ್ಗಿ ಗಿಗ್ಗಿ ಬ್ಯಾಡ. ರೋಡಲ್ಲಿ ಮಡಿಕೇರಿಗೆ ಹೋಗೋರು ಬಸ್ಸಿಂದ ಇಣುಕಿ ನೋಡ್ಬೇಕು.”

ನಾನು ಆರಿಸಿದ್ದು ಒಂದು ಎಂಬ ಅಂಕಿಯನ್ನು ಹತ್ತೊಂಬತ್ತು ಸಲ ಪಕ್ಕಪಕ್ಕ ಬರೆದರೆ ಆಗುವ ಸಂಖ್ಯೆ. ೧೧೧೧೧೧೧೧೧೧೧೧೧೧೧೧೧೧೧. ಅದು ಅವಿಭಾಜ್ಯ. ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಬರೀ ಒಂದುಗಳ ಸಂಖ್ಯೆಗಳಲ್ಲಿ ಇಂಥವು ಬಹಳ ವಿರಳ. ಎರಡು ಒಂದು ಇದ್ದರೆ ಹನ್ನೊಂದು, ಅವಿಭಾಜ್ಯ. ಆಮೇಲೆ ಹತ್ತೊಂಬತ್ತರವರೆಗೆ ಒಂದೂ ಸಿಕ್ಕುವುದಿಲ್ಲ. ನೋಡಲು ಒಂದನೇ ಕ್ಲಾಸಿನ ಮಗು ಕಾಪಿ ಬರೆದ ಹಾಗಿದೆ, ಮುರಿಯಲು ಹೋದರೆ ಹಲ್ಲು ಹೋಗುತ್ತದೆ. ನನಗೆ ಅದು ಇಷ್ಟವಾಗಿದ್ದೇ ಅದಕ್ಕೆ.

ಮೇಡಂ ನಾನು ಕಾಗದದಲ್ಲಿ ಬರೆದುಕೊಟ್ಟ ನಕ್ಷೆಯ ಫೋಟೋ ತೆಗೆದು ಪರಿವೀಕ್ಷಕರಿಗೆ ಕಳಿಸಿದರು. ಅಲ್ಲೇ ನನ್ನ ಗ್ರಹಚಾರ ಶುರುವಾಯಿತು.

ಕೆ.ಆರ್. ನಗರದಿಂದ ಬರುತ್ತಿದ್ದ ಈ ಪರಿವೀಕ್ಷಕರಿಗೂ ನನಗೂ ಅಷ್ಟರಲ್ಲಾಗಲೇ ಹೊಗೆಯಾಡುತ್ತಿತ್ತು. ಹುಣಸೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಅವರು ವೇದಿಕೆಯಿಂದ ಹೇಳಿದ್ದರು: “ಗೆಸ್ಟ್ ಟೀಚರ್‌ಗಳ ಕೈಗೆ ಹತ್ತನೇ ಕ್ಲಾಸ್ ಕೊಡೋದು ಅಂದ್ರೆ ಬಾಡಿಗೆ ಸೈಕಲ್‌ನಲ್ಲಿ ತಲಕಾವೇರಿ ಹತ್ತಿದ ಹಾಗೆ. ಗೊತ್ತಾಯ್ತಾ? ಗೊತ್ತಾಗಿರಲ್ಲ.” ಪ್ರತಿ ಮಾತಿನ ಕೊನೆಗೂ ಈ ಪ್ರಶ್ನೆ, ಅದಕ್ಕೆ ಅವರದೇ ಉತ್ತರ, ನಡುವೆ ಮೂಗಿನಿಂದ ಒಂದು ಸಣ್ಣ ಗಾಳಿ. ಇಂಥದ್ದು ಸಿಕ್ಕಿದ ಮೇಲೆ ನನ್ನನ್ನು ಕಟ್ಟಿಹಾಕುವುದು ಕಷ್ಟ. ಊಟದ ಸಾಲಿನಲ್ಲಿ ಸಾಂಬಾರಿನ ಸೌಟನ್ನು ಮೈಕಿನಂತೆ ಹಿಡಿದು ಇಡೀ ಭಾಷಣ ಒಪ್ಪಿಸಿದೆ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ನಗು ನಿಲ್ಲಿಸಿದರು. ತಿರುಗಿದರೆ ತಟ್ಟೆ ಹಿಡಿದು ಅವರೇ ನಿಂತಿದ್ದಾರೆ.

“ಸಾಂಬಾರ್ ಬಡಿಸ್ರೀ,” ಅಂದರು. ಅಷ್ಟೇ. ಬಡಿಸಿದೆ. ಅವರು ನನ್ನ ಮುಖ ನೋಡುತ್ತಲೇ ಇದ್ದರು.

ಈಗ ಅವರೇ ನಮ್ಮ ಗೋಡೆ ನೋಡಲು ಬರುವವರು. ಮೇಡಂ ನನ್ನನ್ನು ಕೋಣೆಗೆ ಕರೆದು ಸುತ್ತಿ ಬಳಸದೆ ಹೇಳಿದರು: “ನೋಡಯ್ಯಾ, ಆಯಪ್ಪ ನಿನ್ ಮೇಲೆ ಹಲ್ಲು ಮಸೀತಾ ಅವ್ನೆ. ಗೋಡೇಲಿ ಇರೋದು ತಪ್ಪು ಅಂತ ಅವ್ನೇನಾದ್ರೂ ಬರೆದ್ನೋ, ಜೂನ್‌ಗೆ ನಿನ್ ಹೆಸ್ರು ಬರಿಯಲ್ಲ. ನಂಗೆ ಮುಲಾಜಿಲ್ಲ.”

“ತಪ್ಪು ಹ್ಯಾಗಾಗುತ್ತೆ ಮೇಡಂ? ಬರೀ ಒಂದು ತಾನೆ ಬರೆಯೋದು.”

“ನಿನ್ ಕೈಲಿ ಏನ್ ಬೇಕಾದ್ರೂ ಆಯ್ತದೆ.”

ಪೇಂಟರ್ ಪಿರಿಯಾಪಟ್ಟಣದವನು. ಅಂಗಡಿ ಬೋರ್ಡು, ಟ್ರಾಕ್ಟರ್ ಟ್ರೈಲರಿನ ಹಿಂಭಾಗ, ಮದುವೆ ಮಂಟಪ ಎಲ್ಲ ಅವನದೇ ಕೈ. ಗೋಡೆಗೆ ಹಳದಿ ಡಿಸ್ಟೆಂಪರ್ ಹೊಡೆದು, ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಮೇಲೆ ಕೆಳಗೆ ಗೆರೆ ಬೀಳಿಸಿದ. ಕನ್ನಡದ ಒಂದು ದುಂಡಗಿರುವುದರಿಂದ ಬಣ್ಣದ ಡಬ್ಬದ ಮುಚ್ಚಳ ಇಟ್ಟು ಸುತ್ತ ಪೆನ್ಸಿಲ್ ಓಡಿಸಿ, ಒಂದು ಕಡೆ ಬಾಯಿ ಬಿಡಿಸುತ್ತಿದ್ದ. ಮೊದಲ ದಿನದಿಂದಲೇ ಅವನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

“ಮೇಷ್ಟ್ರೇ, ಬ್ಯಾರೆ ಅಂಕಿ ಬರಕ್ಕೆ ಬರಾಕಿಲ್ವಾ ನಿಮ್ಗೆ? ಒಂದು ಎರಡಾದ್ರೂ ಮಧ್ಯ ಹಾಕಿ. ನನ್ ಕೈಗೆ ಬೇಜಾರಾಗ್ತದೆ.”

“ಎರಡು ಹಾಕಿದ್ರೆ ಸಂಖ್ಯೆ ಕೆಟ್ಟೋಗುತ್ತೆ.”

“ಈಗೇನ್ ಚೆಂದಾಗದಾ? ತೆಂಗಿನಕಾಯಿ ಸಾಲಾಗಿ ಇಟ್ಟಂಗದೆ.”

ಸಂಜೆಗೆ ಹತ್ತೊಂಬತ್ತೂ ಮುಗಿದವು. ನೀರಿನ ಟ್ಯಾಂಕಿನ ಕಡೆಯಿಂದ ಶುರುವಾದ ಸಾಲು ಗೇಟಿನ ಕಂಬಕ್ಕೆ ಸ್ವಲ್ಪ ದೂರದಲ್ಲಿ ನಿಂತಿತ್ತು. ಪೇಂಟರ್ ಆ ಖಾಲಿ ಜಾಗ ನೋಡಿ ಮುಖ ಸಿಂಡರಿಸಿ, “ಬೋರ್ಡು ಅಂದ್ಮೇಲೆ ಎರಡೂ ಕಡೆ ಸಮ ಇರ್ಬೇಕು. ಇದು ಹಲ್ಲು ಉದುರಿದಂಗದೆ, ನನ್ ಹೆಸ್ರು ಹೋಯ್ತದೆ,” ಅಂತ ಗೊಣಗಿದ. ಅದನ್ನು ಕೇಳಿಸಿಕೊಂಡೇ ನಾನು ಹುಣಸೂರಿನ ಬಸ್ಸು ಹತ್ತಿದ್ದು. ಊರು ಮುಟ್ಟಿ, ಮನೆ ಕಡೆಯ ಬಸ್ಸಿಗೆ ಕಾಯುವಾಗ, ನನ್ನ ನಂಬರ್ ಕಾಣದಿರಲಿ ಅಂತ ಟೀ ಅಂಗಡಿಯವನ ಮೊಬೈಲ್ ಇಸಿದುಕೊಂಡು, ಮೂಗಿನಿಂದ ಸಣ್ಣ ಗಾಳಿ ಬಿಟ್ಟು, ಹೇಳಿದ್ದು ಇಷ್ಟು: “ಏನ್ರೀ ಪೇಂಟರ್, ನಾನು ಪರಿವೀಕ್ಷಕ. ಗೋಡೆ ಖಾಲಿ ಕಾಣಬಾರದು. ಟ್ಯಾಂಕಿಂದ ಕಂಬದ ತನಕ ಭರ್ತಿ ಇರಬೇಕು. ಗೊತ್ತಾಯ್ತಾ? ಗೊತ್ತಾಗಿರಲ್ಲ.”

“ಗೊತ್ತಾಯ್ತು ಬುಡಿ ಸಾ, ಗೊತ್ತಾಯ್ತು!” ಅಂತ ಅವನು ಕೂಗಿದ. ನಾನು ಫೋನ್ ಇಟ್ಟು ನಕ್ಕೆ. ಟೀ ಅಂಗಡಿಯವನೂ ನಕ್ಕ. ಪೇಂಟರ್ ಖಾಲಿ ಜಾಗಕ್ಕೆ ಒಂದು ಹೂವೋ ಬಳ್ಳಿಯೋ ಬಿಡಿಸುತ್ತಾನೆ, ಬೆಳಿಗ್ಗೆ ಹೋಗಿ ರೇಗಿಸಬಹುದು ಅಂದುಕೊಂಡಿದ್ದೆ.

ಬೆಳಿಗ್ಗೆ ಬಸ್ಸಿನ ಕಿಟಕಿಯಿಂದಲೇ ಕಂಡಿತು. ಹೂವಿಲ್ಲ, ಬಳ್ಳಿಯಿಲ್ಲ. ಒಂದುಗಳು ಟ್ಯಾಂಕಿನಿಂದ ಹೊರಟು ಕಂಬದ ತನಕ ಬಂದು ಮೂಗು ತಗುಲಿಸಿಕೊಂಡು ನಿಂತಿವೆ. ಇಳಿದು ಎಣಿಸಿದೆ. ಇಪ್ಪತ್ತೆರಡು. ಕಡೆಯಿಂದ ಎಣಿಸಿದೆ, ಮತ್ತೂ ಇಪ್ಪತ್ತೆರಡು. ಪೇಂಟರ್ ಗೋಡೆಯ ಮುಂದೆ ನಿಂತು ಬೀಡಿ ಹಚ್ಚಿ ತನ್ನ ಕೆಲಸ ತಾನೇ ಮೆಚ್ಚಿಕೊಳ್ಳುತ್ತಿದ್ದ.

“ಯಾಕ್ರೀ ಮೂರು ಜಾಸ್ತಿ ಬರೆದ್ರಿ?”

“ಸಾಹೇಬ್ರು ಫೋನ್ ಮಾಡಿದ್ರು. ಭರ್ತಿ ಮಾಡು ಅಂದ್ರು, ಮಾಡ್ದೆ. ನಸುಕಲ್ಲೇ ಬಂದು ಮಾಡಿವ್ನಿ.”

“ಭರ್ತಿ ಅಂದ್ರೆ ಒಂದು ಹಾಕೋದಾ?”

“ಮತ್ತಿನ್ನೇನ್ ಹಾಕ್ಲಿ? ಎಲ್ಲಾ ಒಂದೇ ಥರ ಅವೆ. ಹತ್ತೊಂಬತ್ತು ಇದ್ದೋವು, ಇನ್ನು ಮೂರು ಸೇರ್ಕಂಡ್ರೆ ಏನ್ ಮೈಸೂರು ಮುಳುಗ್ತದಾ?”

ಅಂಗಡಿ ಬೋರ್ಡಿನವನಿಗೆ ಜಾಗ ಉಳಿದರೆ ಅಕ್ಷರ ಹಿಗ್ಗಿಸುವುದು ಗೊತ್ತು. ಇಲ್ಲಿ ಅಕ್ಷರಗಳೆಲ್ಲ ಒಂದೇ ಆಗಿದ್ದರಿಂದ ಹಿಗ್ಗಿಸುವ ಬದಲು ಇನ್ನಷ್ಟು ಸುರಿದಿದ್ದ. ಅವನ ಲೆಕ್ಕದಲ್ಲಿ ಸರಿಯೇ. ನನ್ನ ಲೆಕ್ಕದಲ್ಲಿ ಸರ್ವನಾಶ. ಇಪ್ಪತ್ತೆರಡು ಒಂದುಗಳನ್ನು ಎರಡೆರಡಾಗಿ ಜೋಡಿ ಕಟ್ಟಿ, ಎಲ್ಲ ಜೋಡಿಯೂ ಹನ್ನೊಂದು. ಇಡೀ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಎಂಟನೇ ಕ್ಲಾಸಿನ ಹುಡುಗಿಯೂ ಹೇಳಿಬಿಡುತ್ತಾಳೆ. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಇದು ಅವಿಭಾಜ್ಯ ಸಂಖ್ಯೆ’ ಎಂದು ಬೇರೆ ಬರೆದಾಗಿದೆ.

ಮೇಡಂ ಬಂದರು. ಎಣಿಸಲಿಲ್ಲ, ನನ್ನ ಮುಖ ನೋಡಿದರು, ಗೊತ್ತಾಗಿಹೋಯಿತು.

“ಏನ್ ಮಾಡ್ದೆ?”

“ನಾನಲ್ಲ ಮೇಡಂ, ಪೇಂಟರ್...”

“ಸಾಹೇಬ್ರು ಹೇಳವ್ರೆ ಮೇಡಮ್ಮಾರೇ,” ಅಂದ ಪೇಂಟರ್, ಎದೆ ಉಬ್ಬಿಸಿ.

“ಅವ್ರು ಹೇಳಿದ್ರೋ, ಅವ್ರ ಅಜ್ಜಿ ಹೇಳಿದ್ರೋ ನಂಗೆ ಬೇಕಿಲ್ಲ. ನಾಳೆ ಮಧ್ಯಾಹ್ನ ಬತ್ತಾರೆ. ಗೋಡೆ ಸರಿ ಇರ್ಬೇಕು. ಇಲ್ಲಾಂದ್ರೆ ನಿನ್ ಬ್ಯಾಗು ತಗೊಂಡು ಹಂಗೇ ಹುಣಸೂರಿಗೆ ನಡಿ.”

ಫೋನ್ ಮಾಡಿದ್ದು ನಾನು ಅಂತ ಹೇಳುವ ಜಾಗ ಅದೇ ಆಗಿತ್ತು. ಹೇಳಲಿಲ್ಲ. ಹೆದರಿಕೆ.

ಮೂರು ಒಂದುಗಳನ್ನು ಅಳಿಸಿ ಅಂದೆ. ಪೇಂಟರ್ ಕೈ ಕಟ್ಟಿ ನಿಂತ. ಡಿಸ್ಟೆಂಪರ್ ಮೇಲೆ ಎನಾಮಲ್ ಕೂತಿದೆ, ಕೆರೆದರೆ ಗಾರೆ ಸಮೇತ ಬರುತ್ತದೆ, ಮೇಲೆ ಹಳದಿ ಹೊಡೆದರೆ ಕೆಂಪು ಇಣುಕುತ್ತದೆ, ಪ್ರೈಮರ್ ಹಾಕಿ ಒಣಗಿಸಿ ಮತ್ತೆ ಹಳದಿ ಹೊಡೆದರೂ ಮೂರು ದುಂಡನೆಯ ಕಲೆ ಉಳಿಯುತ್ತದೆ. ಇಷ್ಟೆಲ್ಲ ಹೇಳಿ, “ಸಾಹೇಬ್ರು ಇನ್ನೊಂದ್ ಕಿತ ಫೋನ್ ಮಾಡಿ ಅಳಿಸು ಅನ್ಲಿ, ಅಳಿಸ್ತೀನಿ. ನೀವು ಹೇಳಿದ್ದಕ್ಕೆಲ್ಲಾ ಆಗಾಕಿಲ್ಲ,” ಅಂದ.

ಇನ್ನೊಂದು ಫೋನು. ಗಂಟಲಲ್ಲಿ ಆ ದನಿ ಆಗಲೇ ಎದ್ದು ಚಪ್ಪಲಿ ಮೆಟ್ಟಿಕೊಂಡಿತ್ತು. ಶೌಚಾಲಯದ ಹಿಂದೆ ಹೋಗಿ ಮೊಬೈಲ್ ತೆಗೆದೂ ಆಯಿತು. ಆದರೆ ನನ್ನ ನಂಬರ್ ಪೇಂಟರ್‌ಗೆ ಗೊತ್ತು. ಬೇರೆ ಫೋನ್ ಸಿಕ್ಕಿದರೂ, ಮೂರು ಕಲೆಗಳನ್ನು ಪರಿವೀಕ್ಷಕರು ನೋಡಿದರೆ ಸಂಖ್ಯೆಯನ್ನು ಕತ್ತರಿಸಿದ್ದೀರಿ ಅನ್ನುತ್ತಾರೆ, ಯಾಕೆ ಅಂತ ಕೇಳುತ್ತಾರೆ, ಪೇಂಟರ್ ಬಾಯಿ ಬಿಡುತ್ತಾನೆ. ಮೊಬೈಲ್ ಜೇಬಿಗೆ ಹಾಕಿದೆ. ಆಗ ಹೊಳೆದದ್ದು ಹಿಂದೆ ಹೋಗುವ ಬದಲು ಮುಂದೆ ಹೋಗುವ ದಾರಿ. ಬರೀ ಒಂದುಗಳ ಸಂಖ್ಯೆಗಳಲ್ಲಿ ಹತ್ತೊಂಬತ್ತರ ನಂತರದ ಅವಿಭಾಜ್ಯ ಯಾವುದು? ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಮೂರೂ ಒಡೆಯುತ್ತವೆ. ಇಪ್ಪತ್ತಮೂರು ಒಡೆಯುವುದಿಲ್ಲ ಅಂತ ಎಲ್ಲೋ ಓದಿದ್ದೆ. ಮೂರು ಅಳಿಸುವುದಕ್ಕಿಂತ ಒಂದು ಸೇರಿಸುವುದು ಸುಲಭ.

ಓದಿದ್ದೆ ಅಂದರೆ ಆ ಮನುಷ್ಯ ಬಿಡುವುದಿಲ್ಲ. ತೋರಿಸಬೇಕು. ಕಂಪ್ಯೂಟರ್ ಕೋಣೆಗೆ ಹೋದೆ. ಇದ್ದದ್ದರಲ್ಲಿ ಉಸಿರಾಡುತ್ತಿದ್ದ ಯಂತ್ರ ಒಂದೇ. ಅದು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಕರೆಂಟ್ ಹೋಯಿತು. ಕೊನೆಗೆ ಮೊಬೈಲಿನಲ್ಲೇ ಪ್ರೋಗ್ರಾಂ ಬರೆಯಲು ಕೂತೆ.

ಇಪ್ಪತ್ತಮೂರು ಅಂಕಿಯ ಸಂಖ್ಯೆಯನ್ನು ಎಲ್ಲ ಸಣ್ಣ ಸಂಖ್ಯೆಗಳಿಂದಲೂ ಭಾಗಿಸಿ ನೋಡುತ್ತೇನೆ ಅಂದರೆ ಜೂನ್ ಅಲ್ಲ, ನನ್ನ ಮೊಮ್ಮಕ್ಕಳ ಜೂನ್ ಬರುತ್ತದೆ. ಬೇರೆ ದಾರಿ ಇದೆ. ಸಂಖ್ಯೆಯನ್ನು ಬಿಟ್ಟು ಅದರ ನೆರೆಯವನನ್ನು, ಅಂದರೆ ಅದಕ್ಕಿಂತ ಒಂದು ಕಡಿಮೆ ಇರುವುದನ್ನು ಹಿಡಿಯಬೇಕು. ಆ ನೆರೆಯವನನ್ನು ಪೂರ್ತಿ ಒಡೆಯಲು ಬಂದರೆ ಇವನು ಒಡೆಯುವುದಿಲ್ಲ ಎಂದು ಸಾಧಿಸಬಹುದು. ಇಪ್ಪತ್ತಮೂರು ಒಂದುಗಳಿಂದ ಒಂದು ಕಳೆದರೆ ಏನು ಉಳಿಯುತ್ತದೆ? ಇಪ್ಪತ್ತೆರಡು ಒಂದು, ಕೊನೆಗೊಂದು ಸೊನ್ನೆ. ಕಿಟಕಿಯಿಂದ ಹೊರಗೆ ನೋಡಿದೆ. ಪೇಂಟರ್ ಮಾಡಿಟ್ಟ ಅದೇ ಅನಾಹುತ, ಹತ್ತರಿಂದ ಗುಣಿಸಿದ್ದು. ನಾನು ಬೆಳಿಗ್ಗೆಯಿಂದ ಬೈಯುತ್ತಿದ್ದ ಸಂಖ್ಯೆಯೇ ಈಗ ನನ್ನ ಕಡೆಯ ಸಾಕ್ಷಿ.

ಅದನ್ನು ಒಡೆದೆ. ಇಪ್ಪತ್ತೆರಡು ಒಂದು ಅಂದರೆ ಹನ್ನೊಂದು ಒಂದುಗಳನ್ನು ೧೦೦೦೦೦೦೦೦೦೦೧ರಿಂದ ಗುಣಿಸಿದ್ದು. ಮೊದಲನೆಯದು ೨೧೬೪೯ ಮತ್ತು ೫೧೩೨೩೯ ಆಗಿ ಬಿರಿಯಿತು. ಎರಡನೆಯದರಲ್ಲಿ ಹನ್ನೊಂದು ಎರಡು ಸಲ, ಇಪ್ಪತ್ತಮೂರು, ೪೦೯೩, ೮೭೭೯ ಸಿಕ್ಕವು. ಹತ್ತಕ್ಕೆ ಎರಡು ಮತ್ತು ಐದು. ನೆರೆಯವನ ಮನೆಯಲ್ಲಿ ಇನ್ನೇನೂ ಉಳಿಯಲಿಲ್ಲ.

ಇನ್ನು ಬೇಕಾದದ್ದು ಒಂದು ಆಧಾರ ಸಂಖ್ಯೆ. ಅದನ್ನು ಅದರಿಂದಲೇ ಗುಣಿಸುತ್ತಾ, ಪ್ರತಿ ಸಲ ನಮ್ಮ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು ಹೋದರೆ, ನೆರೆಯವನಷ್ಟು ಸಲ ಆದಾಗ ಶೇಷ ಒಂದು ಬರಬೇಕು. ಆದರೆ ನೆರೆಯವನನ್ನು ಅವನ ಯಾವುದೇ ಅಪವರ್ತನದಿಂದ ಭಾಗಿಸಿದಷ್ಟು ಸಲದಲ್ಲಿ, ಅರ್ಧದಲ್ಲೋ ಹನ್ನೊಂದನೇ ಒಂದು ಪಾಲಿನಲ್ಲೋ, ಒಂದು ಬಂದುಬಿಡಬಾರದು. ನಾನು ಬುದ್ಧಿವಂತನಂತೆ ಹತ್ತನ್ನು ತೆಗೆದುಕೊಂಡೆ. ಅರ್ಧದಲ್ಲೇ ಒಂದು ಬಂತು. ಬರಲೇಬೇಕು. ಇಪ್ಪತ್ತಮೂರು ಒಂದುಗಳು ಹುಟ್ಟಿದ್ದೇ ಹತ್ತರಿಂದ, ಹತ್ತು ಇಪ್ಪತ್ತಮೂರನೇ ಗುಣಾಕಾರಕ್ಕೇ ಮನೆಗೆ ವಾಪಸ್. ಮನೆಯವರ ಸಾಕ್ಷಿ ಕಟಕಟೆಯಲ್ಲಿ ನಡೆಯುವುದಿಲ್ಲ. ಎರಡು ಹಾಕಿದೆ, ಅರ್ಧದಲ್ಲಿ ಒಂದು. ಮೂರು ಹಾಕಿದೆ, ಅದೇ ಕಥೆ. ಐದು, ಅದೇ. ಓದಿದ್ದು ಸುಳ್ಳಿರಬಹುದೇ ಅನ್ನಿಸಿತು. ಏಳು ಹಾಕಿದಾಗ ಅರ್ಧದಲ್ಲಿ ಒಂದು ಬರಲಿಲ್ಲ, ಪೂರ್ತಿಗೆ ಬಂತು. ಉಳಿದ ಅಪವರ್ತನಗಳಿಗೂ ಒಂದೊಂದಾಗಿ ಸಾಕ್ಷಿ ನಿಲ್ಲಿಸಿದೆ. ಎಲ್ಲೂ ಬೀಳಲಿಲ್ಲ.

ಇಪ್ಪತ್ತಮೂರನೆಯ ಒಂದಕ್ಕೆ ಗೋಡೆಯಲ್ಲಿ ಜಾಗವಿರಲಿಲ್ಲ. ಉಳಿದದ್ದು ಗೇಟಿನ ಕಂಬ. ಅದರ ಮೇಲೆ ಹಳೆಯ ಬರಹ: ‘ಇಲ್ಲಿ ವಾಹನ ನಿಲ್ಲಿಸಬಾರದು’.

“ಕಂಬದ ಮ್ಯಾಲಾ? ಕಂಬ ಗೋಡೆ ಅಲ್ಲ ಮೇಷ್ಟ್ರೇ. ನೋಡ್ದೋರು ಉಗೀತಾರೆ.”

“ಸಾಹೇಬರು ಕಂಬದ ತನಕ ಭರ್ತಿ ಅಂದಿದ್ರಲ್ವಾ? ಕಂಬ ಯಾಕೆ ಖಾಲಿ?”

ಅವನು ಬೀಡಿ ಎಸೆದು, “ನಿಮ್ದೂ ಒಂದು ಜಲ್ಮಾ,” ಅಂತ ಹೇಳಿ ಮುಚ್ಚಳ ಎತ್ತಿಕೊಂಡ. ಹಳೆಯ ಬರಹದ ಮೇಲೆ ಹಳದಿ ಹೊಡೆದ. ಕಂಬ ಕಿರಿದಾದ್ದರಿಂದ ಆ ಒಂದು ಮಾತ್ರ ಬಸುರಿಯರ ಸಾಲಿನಲ್ಲಿ ನಿಂತ ಸ್ಕೇಲಿನಂತೆ ಸಣಕಲಾಗಿ ಬಂತು. ನನ್ನದೇ ಚಿತ್ರ ಅನ್ನಿಸಿತು.

ಮಾರನೆಯ ದಿನ ಪರಿವೀಕ್ಷಕರ ಕಾರು ಬಂದು ನೇರವಾಗಿ ಆ ಕಂಬದ ಪಕ್ಕವೇ ನಿಂತಿತು. ನಿಲ್ಲಿಸಬಾರದು ಅನ್ನುವ ಬರಹ ಅಳಿಸಿದವರು ನಾವೇ. ಅವರು ಇಳಿದರು, ನಮಸ್ಕಾರಕ್ಕೆ ನಮಸ್ಕಾರ ಕೊಡಲಿಲ್ಲ, ಬೆರಳು ಹಿಡಿದು ಕಂಬದ ಕಡೆಯಿಂದ ಎಣಿಸುತ್ತಾ ಟ್ಯಾಂಕಿನ ತನಕ ಹೋಗಿ ಎಣಿಸುತ್ತಾ ಬಂದರು.

“ಕಂಬದ ಮೇಲಿರೋದೂ ಸಂಖ್ಯೆಯೊಳಗೇನಾ?”

“ಹೌದು ಸಾರ್.”

“ಹದಿನೈದು ಒಂದು ಇದ್ರೆ?”

“ಮೂರು ಮೂರಾಗಿ ಕತ್ತರಿಸಬಹುದು. ನೂರಹನ್ನೊಂದರಿಂದ ಹೋಗುತ್ತೆ.”

“ಅಂದ್ರೆ ಒಂದುಗಳ ಎಣಿಕೆ ಅವಿಭಾಜ್ಯ ಆದ್ರೆ ಸಂಖ್ಯೆನೂ ಅವಿಭಾಜ್ಯ. ಇಪ್ಪತ್ತಮೂರು ಅವಿಭಾಜ್ಯ, ಮುಗೀತು. ಅಷ್ಟೇ ತಾನೆ ನಿಮ್ಮ ಸಾಧನೆ?”

ಬಲೆ ಅದು. ಹೌದು ಅಂದಿದ್ದರೆ ಅಲ್ಲೇ ಬೀಳುತ್ತಿದ್ದೆ.

“ಅಲ್ಲ ಸಾರ್. ಏಳೂ ಅವಿಭಾಜ್ಯ. ಆದರೆ ಏಳು ಒಂದು ಇಟ್ಟರೆ ಇನ್ನೂರಮೂವತ್ತೊಂಬತ್ತರಿಂದ ಹೋಗುತ್ತೆ. ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು ಸಲ.”

ಅವರು ನಂಬಲಿಲ್ಲ. ಪೇಂಟರ್‌ನ ಸೀಮೆಸುಣ್ಣದ ತುಂಡು ಎತ್ತಿಕೊಂಡು ಗೇಟಿನ ಕಬ್ಬಿಣದ ಹಾಳೆಯ ಮೇಲೆ ಗುಣಿಸಿದರು. ಏಳು ಒಂದು ಬಂದವು. ಮೂಗಿನಿಂದ ಗಾಳಿ ಬಿಟ್ಟರು. ಆಮೇಲೆ ನಾನು ನೆರೆಯವನ ಕಥೆ ಹೇಳಿದೆ, ಅಪವರ್ತನಗಳನ್ನು ಅದೇ ಗೇಟಿನ ಮೇಲೆ ಬರೆದೆ. ಹತ್ತು ಯಾಕೆ ಬಿತ್ತು, ಏಳು ಯಾಕೆ ನಿಂತಿತು ಎಂದು ತೋರಿಸಿದೆ. ಅವರು ನಡುನಡುವೆ ಕುಟುಕುತ್ತಲೇ ಇದ್ದರು, ಒಂದು ಕಡೆಯೂ ಹಲ್ಲು ಕೂರಲಿಲ್ಲ. ಕೊನೆಗೆ ಮೇಡಂ ಕಡೆ ತಿರುಗಿ, “ಸಂಖ್ಯೆ ಸರಿ ಇದೆ,” ಅಂದರು, ಕಷಾಯ ಕುಡಿದವರ ಹಾಗೆ.

ನನ್ನ ಕೆಲಸ ಉಳಿಯಿತು ಅಂದುಕೊಂಡೆ. ಅವರು ತಮ್ಮ ಮೊಬೈಲ್ ತೆಗೆದರು.

“ನನಗೆ ಕಳಿಸಿದ ನಕ್ಷೇಲಿ ಹತ್ತೊಂಬತ್ತಿತ್ತು. ಇಲ್ಲಿ ಇಪ್ಪತ್ತಮೂರಿದೆ. ಯಾರ್ರೀ ಬದಲಾಯಿಸಿದ್ದು? ಯಾರನ್ನ ಕೇಳಿ?”

ಕೂಲಿ ಇಸಿದುಕೊಳ್ಳಲು ಬಂದು ನಿಂತಿದ್ದ ಪೇಂಟರ್ ಎರಡು ಹೆಜ್ಜೆ ಮುಂದೆ ಬಂದ. “ನಿಮ್ಮುನ್ನೇ ಕೇಳಿ ಸಾ. ನೀವೇ ಅಲ್ವಾ ಫೋನ್ ಮಾಡಿದ್ದು, ಭರ್ತಿ ಮಾಡು ಅಂತ?”

“ನಾನಾ? ನಿಮ್ಮ ನಂಬರೇ ನನ್ನ ಹತ್ತಿರ ಇಲ್ಲ. ಗೊತ್ತಾಯ್ತಾ? ಗೊತ್ತಾಗಿರಲ್ಲ.”

“ಇದೇ ಸಾ! ಇದ್ನೇ ಹೇಳಿದ್ರಿ! ಆದ್ರೆ ಫೋನಲ್ಲಿ ನಿಮ್ ದನಿ ಇನ್ನೂ ಒಸಿ ಖಡಕ್ಕಾಗಿತ್ತು.”

ಪರಿವೀಕ್ಷಕರು ನಿಧಾನವಾಗಿ ನನ್ನ ಕಡೆ ತಿರುಗಿದರು. ಸಾಂಬಾರ್ ಬಡಿಸುವಾಗ ನನ್ನ ಮುಖ ನೋಡಿದ್ದ ಅದೇ ಕಣ್ಣು. ಮೇಡಂ ಕೂಡ ತಿರುಗಿದರು. ಪೇಂಟರ್ ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದ.

“ನಾನೇ ಸಾರ್ ಫೋನ್ ಮಾಡಿದ್ದು,” ಅಂದೆ. ಯಾರ ದನಿಯಲ್ಲಿ ಅಂತ ಗೊತ್ತಿಲ್ಲ, ಬಹಳ ತೆಳ್ಳಗಿತ್ತು.

“ಥೂ ನಿನ್ನ!” ಅಂದ ಪೇಂಟರ್. “ನಸುಕಲ್ಲೆದ್ದು ಬಂದು ಬರೆದೆನಲ್ಲೋ!”

ಪರಿವೀಕ್ಷಕರು ಅವನ ಕಡೆ ನೋಡಲೇ ಇಲ್ಲ. ಮೇಡಂಗೆ ಹೇಳಿದರು, ಒಂದೊಂದೇ ಅಕ್ಷರ ಕಚ್ಚಿ: “ಸಂಖ್ಯೆ ಸರಿ ಇರಬಹುದು. ಈ ಮನುಷ್ಯ ಸರಿ ಇಲ್ಲ. ಅಧಿಕಾರಿ ಹೆಸರಲ್ಲಿ ಫೋನ್ ಮಾಡ್ತಾನೆ. ಜೂನ್‌ನಿಂದ ಇವನು ಈ ಗೇಟು ದಾಟಬಾರದು. ಪಟ್ಟಿಯಿಂದ ಹೆಸರು ಇವತ್ತೇ ತೆಗೀರಿ. ನಾನು ಹೇಳ್ತಿದ್ದೀನಿ.”

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟದಲ್ಲಿ ಕರುಣೆ ಒಂದು ಚೂರೂ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರಿವೀಕ್ಷಕರ ಕಡೆ ತಿರುಗಿದರು.

“ತೆಗೆದುಬುಡ್ತೀನಿ ಸಾರ್, ಅದಕ್ಕೇನು. ಮೇಷ್ಟ್ರು ಕೊಡಿ ಅಂತ ಎಷ್ಟು ವರ್ಷದಿಂದ ಬರ್ಕತಾ ಇವ್ನಿ, ನೀವು ಕೊಡ್ಲಿಲ್ಲ. ಈಗ ಹೇಳಿ, ಜೂನ್‌ನಿಂದ ಹತ್ನೇ ಕ್ಲಾಸಿಗೆ ಗಣಿತ ತಗಳಕ್ಕೆ ನೀವೇ ಬತ್ತೀರೋ, ಇಲ್ಲ ಇವನ ಕೈಲೇ ನಿಮ್ ದನೀಲಿ ಮಾಡಿಸ್ಲೋ?”